ಸೊಂಟದ ಬೆಲ್ಟು: ನಾಲ್ಕು ವರ್ಷ ಕಟ್ಟಿಕೊಂಡವಳ ಅಭಿಪ್ರಾಯ

ಸೊಂಟದ ಬೆಲ್ಟಿನ ಬಗ್ಗೆ ಜನ ಬರೆದಿದ್ದನ್ನೆಲ್ಲ ಓದಿದ್ದೇನೆ. ಬರೆದವರಲ್ಲಿ ಹೆಚ್ಚಿನವರು ಅದನ್ನು ಕಟ್ಟಿಕೊಂಡು ಎರಡು ವಾರ ಆಗಿರುತ್ತದೆ, ಕೆಲವರು ಪೊಟ್ಟಣ ಬಿಚ್ಚಿ ಎರಡು ದಿನ. ‘ತುಂಬಾ ಆರಾಮ’, ‘ಅಮ್ಮನಿಗೆ ತಗೊಂಡೆ, ಖುಷಿಪಟ್ಟರು’, ‘ವೆಲ್ಕ್ರೋ ಗಟ್ಟಿಯಾಗಿದೆ’. ನಾನು ಕಟ್ಟಿಕೊಂಡಿದ್ದು ನಾಲ್ಕು ವರ್ಷ ಎರಡು ತಿಂಗಳು. ಒಂದಲ್ಲ, ಮೂರು ಬೆಲ್ಟು ಸವೆಸಿದ್ದೇನೆ. ಹಾಗಾಗಿ ನನಗೂ ನಾಲ್ಕು ಮಾತು ಹೇಳುವ ಹಕ್ಕಿದೆ ಅಂದುಕೊಂಡಿದ್ದೇನೆ. ಆ ಬೆಲ್ಟು ಬಿಚ್ಚುವುದಕ್ಕೆ ಸೇರಿಕೊಂಡ, ನೋವು ನಿಭಾಯಿಸುವುದನ್ನು ಕಲಿಸುವ 12 ವಾರದ ತರಬೇತಿಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಒಂದನ್ನು ಬಿಟ್ಟು ಇನ್ನೊಂದರ ಮಾತಾಡುವುದು ನನ್ನಿಂದ ಆಗುವುದಿಲ್ಲ.

ವಸ್ತುವಿನ ವಿಚಾರ ಮೊದಲು ಮುಗಿಸುತ್ತೇನೆ. ಸುಮಾರು ಒಂದು ಗೇಣು ಅಗಲದ ಪಟ್ಟಿ. ಬೆನ್ನಿನ ಕಡೆ ಬಟ್ಟೆಯೊಳಗೆ ನಾಲ್ಕು ಕಂಬಿ, ನಡುಮೂಳೆಯ ಆಚೆ ಎರಡು, ಈಚೆ ಎರಡು. ಒಂದು ಸುತ್ತು ಸುತ್ತಿ ಹೊಟ್ಟೆಯ ಮೇಲೆ ವೆಲ್ಕ್ರೋ ಅಂಟಿಸಿದ ಮೇಲೆ ಪಕ್ಕದ ಎರಡು ಇಲಾಸ್ಟಿಕ್ ಪಟ್ಟಿಗಳನ್ನು ಎಳೆದು ಇನ್ನೊಮ್ಮೆ ಬಿಗಿ ಮಾಡಬೇಕು. ಆ ಎರಡನೇ ಎಳೆತದಲ್ಲೇ ಇದರ ಸುಖವೆಲ್ಲ ಇರುವುದು. ಯಾರೋ ಹಿಂದಿನಿಂದ ಎರಡೂ ಕೈಯಲ್ಲಿ ಸೊಂಟ ಹಿಡಿದು ‘ನಾನಿದ್ದೀನಿ ನಡಿ’ ಅಂದ ಹಾಗೆ. ಮೊದಲನೆಯದರ ವೆಲ್ಕ್ರೋ 14 ತಿಂಗಳಿಗೆ ಸತ್ತಿತು, ಅದರ ಹಲ್ಲಿನ ತುಂಬ ಕೂದಲು, ದಾರ, ಧೂಳು. ಎರಡನೆಯದರ ಕಂಬಿಯೊಂದು ಬಟ್ಟೆ ತೂರಿಕೊಂಡು ಹೊರಗೆ ಬಂದು ನನ್ನ ಕುರ್ಚಿಯ ಬೆನ್ನಿಗೆ ತೂತು ಹಾಕಿತು. ಮೂರನೆಯದು ಇವತ್ತಿಗೂ ಗಟ್ಟಿಮುಟ್ಟಾಗಿದೆ. ಸೆಕೆಯಲ್ಲಿ ಅಂಚಿನಡಿ ಬೆವರುಸಾಲೆ ಏಳುತ್ತದೆ, ಉಂಡ ಮೇಲೆ ಬಿಗಿದುಕೊಂಡರೆ ಎದೆಯುರಿ ಬರುತ್ತದೆ. ಅಷ್ಟು ಬಿಟ್ಟರೆ ದೂರಲು ಏನೂ ಇಲ್ಲ, ಐದಕ್ಕೆ ನಾಲ್ಕು ನಕ್ಷತ್ರ ಧಾರಾಳವಾಗಿ ಕೊಡಬಹುದು.

ಅದು ತನ್ನ ಕೆಲಸವನ್ನು ತೀರಾ ಚೆನ್ನಾಗಿ ಮಾಡಿತು. ನನ್ನ ತಕರಾರು ಅದರ ಬಗ್ಗೆಯೇ.

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಕಪಾಟಿನ ತೀರಾ ಕೆಳಗಿನ ಸಾಲಿನಲ್ಲಿ ದಪ್ಪ ನಿಘಂಟು, ವಿಶ್ವಕೋಶದ ಸಂಪುಟ, ಬೈಂಡ್ ಮಾಡಿಸಿದ ಹಳೆಯ ಪತ್ರಿಕೆ ಇರುತ್ತವೆ. ಭಾರದ್ದೆಲ್ಲ ಕೆಳಗೇ ಇರಬೇಕು, ಇಲ್ಲದಿದ್ದರೆ ಕಪಾಟು ಮುಗ್ಗರಿಸುತ್ತದೆ. ಒಂದು ಮಧ್ಯಾಹ್ನ ಪತ್ರಿಕೆಯ ಸಂಪುಟವೊಂದನ್ನು ಎಳೆಯಲು ಬಗ್ಗಿದೆ. ಸೊಂಟದಲ್ಲಿ ‘ಕಟ್’ ಅಂತು. ಸದ್ದು ನಿಜವಾಗಿ ಬಂತೋ ನನಗೆ ಹಾಗನಿಸಿತೋ, ಈಗ ಹೇಳಲಾರೆ. ಉಸಿರು ಮಾತ್ರ ಅಲ್ಲೇ ಸಿಕ್ಕಿಕೊಂಡಿತು. ಬಗ್ಗಿದವಳು ಬಗ್ಗಿದ ಹಾಗೇ ಕಪಾಟು ಹಿಡಿದುಕೊಂಡು ನಿಂತಿದ್ದೆ. ಕಣ್ಣೆದುರಿಗೆ ಸಂಪುಟಗಳ ಬೆನ್ನಿನ ಮೇಲಿನ ಅಂಕಿಗಳು: 11, 12, 14. ಹದಿಮೂರು ಎಲ್ಲಿ ಹೋಯಿತು ಅಂತ ಆ ಹೊತ್ತಿನಲ್ಲೂ ಯೋಚಿಸಿದ್ದು ನೆನಪಿದೆ.

ಮೂರು ವಾರ ಮಲಗಿದೆ. ಎಂಆರ್‌ಐ ಆಯಿತು. ಸ್ಕ್ಯಾನ್ ನೋಡಿದ ಡಾಕ್ಟರು, ಹೆಸರು ಬೇಡ, ಒಳ್ಳೆಯವರೇ, ಪರದೆಯ ಮೇಲೆ ಪೆನ್ನಿಟ್ಟು, “ನೋಡಿ, ಎಲ್4-ಎಲ್5, ಸೊಂಟದ ಕೊನೆಯ ಎರಡು ಮೂಳೆಯ ನಡುವಿನ ಡಿಸ್ಕ್, ಅಂದ್ರೆ ಮೆತ್ತೆ, ಹೊರಗೆ ಉಬ್ಬಿದೆ. ಸವೆದಿದೆ ಕೂಡ. ವಯಸ್ಸು 41 ಅಂದ್ರಿ ಅಲ್ವಾ? ಬೆನ್ನು 70ರದ್ದು” ಅಂದರು. “ಇನ್ನು ಮೇಲೆ ಬಗ್ಗಬೇಡಿ. ಭಾರ ಎತ್ತಬೇಡಿ. ಬೆಲ್ಟ್ ಹಾಕ್ಕೊಳ್ಳಿ.” ಮೂರು ವಾಕ್ಯ. ಯಾವಾಗ ಬಿಚ್ಚಬೇಕು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನುಗಳನ್ನು ಒಟ್ಟು ಮಾಡಿ ನೋಡಿದ ಪರಿಶೀಲನೆಯೊಂದು 2015ರಲ್ಲಿ ಪ್ರಕಟವಾಗಿದೆ. ನೋವಿಲ್ಲದೆ ಓಡಾಡಿಕೊಂಡಿರುವ 40ರ ವಯಸ್ಸಿನವರಲ್ಲಿ ಅರ್ಧದಷ್ಟು ಜನರ ಡಿಸ್ಕ್ ಉಬ್ಬಿರುತ್ತದೆ. 20ರ ಹುಡುಗ ಹುಡುಗಿಯರಲ್ಲೇ 100ಕ್ಕೆ 37 ಮಂದಿಗೆ ಡಿಸ್ಕ್ ಸವೆತ ಕಾಣುತ್ತದೆ, 80ಕ್ಕೆ ಬರುವ ಹೊತ್ತಿಗೆ 96 ಮಂದಿಗೆ. ತಲೆಗೂದಲು ನರೆಯುವ ಹಾಗೆ ಇದೂ ಒಂದು. ಇದು ನನಗೆ ಗೊತ್ತಾಗಿದ್ದು ನಾಲ್ಕು ವರ್ಷದ ಮೇಲೆ. ಆವತ್ತು ಮಾತ್ರ 70ರ ಬೆನ್ನು ಹೊತ್ತುಕೊಂಡು, ಹಾಲಿನ ಕೊಡ ಹೊತ್ತವಳ ಹಾಗೆ ಹೆಜ್ಜೆ ಇಡುತ್ತ ಮನೆಗೆ ಬಂದೆ.

ಬೆಲ್ಟು ಕಟ್ಟಿದ ಮೊದಲ ದಿನ ನೋವು ಅರ್ಧ ಇಳಿಯಿತು. ನಿಜವಾಗಿಯೂ ಇಳಿಯಿತು. ಒಂದು ತಿಂಗಳಿಗೆ ಮತ್ತೆ ಕೆಲಸಕ್ಕೆ ಹೋದೆ. ಕೆಳಗಿನ ಸಾಲಿನ ಪುಸ್ತಕ ಬೇಕಾದರೆ ಸಹಾಯಕ ಹುಡುಗನನ್ನು ಕೂಗುತ್ತಿದ್ದೆ. ಆಮೇಲೆ ಕೆಳಗಿನ ಎರಡು ಸಾಲಿಗೂ ಅವನೇ. ಶನಿವಾರ ಮಕ್ಕಳಿಗೆ ಚಾಪೆಯ ಮೇಲೆ ಕೂತು ಕಥೆ ಓದುತ್ತಿದ್ದೆನಲ್ಲ, ಅದು ಕುರ್ಚಿಯ ಮೇಲೆ ಕೂತು ಓದುವುದಾಯಿತು. ಮಕ್ಕಳಿಗೆ ಪುಟದ ಚಿತ್ರ ಕಾಣುತ್ತಿರಲಿಲ್ಲ, ಒಬ್ಬೊಬ್ಬರೇ ಬರುವುದು ಬಿಟ್ಟರು, ಕೊನೆಗೆ ಕಥೆಯೂ ನಿಂತಿತು. ಬಸ್ಸಿನಲ್ಲಿ ಚಕ್ರದ ಮೇಲಿನ ಸೀಟು ಬೇಡ ಅಂತಿದ್ದವಳು ಆಮೇಲೆ ಬಸ್ಸೇ ಬೇಡ ಅಂದೆ. ಬಕೆಟ್ಟು ಎತ್ತುವುದು, ಹಾಸಿಗೆಯ ಮೇಲುಹಾಸು ಬಿಗಿದು ಹಾಕುವುದು, ಕೆಳಗೆ ಬಿದ್ದ ಪೆನ್ನು. ಪೆನ್ನು ಬಿದ್ದರೆ ಕಾಲಿನಲ್ಲಿ ಗೋಡೆಯ ಕಡೆ ಸರಿಸಿ ಯಾರಾದರೂ ಬರಲಿ ಅಂತ ಕಾಯುತ್ತಿದ್ದೆ.

ಇದರಲ್ಲಿ ಒಂದನ್ನೂ ನಾನು ಹೆದರಿ ಬಿಟ್ಟೆ ಅಂತ ಅನಿಸಿರಲಿಲ್ಲ. ಜೋಪಾನ ಮಾಡುತ್ತಿದ್ದೇನೆ ಅನಿಸಿತ್ತು. ಭಯ ಅಂದರೆ ಎದೆ ಡವಡವ ಅನ್ನಬೇಕು, ಕೈ ನಡುಗಬೇಕು ಅಲ್ಲವೇ? ನನಗೆ ಅಂಥದ್ದೇನೂ ಆಗುತ್ತಿರಲಿಲ್ಲ, ಯಾಕೆಂದರೆ ಎದೆ ಡವಗುಟ್ಟುವ ಕೆಲಸಕ್ಕೆ ನಾನು ಕೈ ಹಾಕುತ್ತಲೇ ಇರಲಿಲ್ಲ.

ಮಗಳಿಗೆ ಆಗ ಐದು ವರ್ಷ. ಎತ್ತಿಕೋ ಅಂತ ಕೈ ಚಾಚಿದರೆ “ಅಮ್ಮನಿಗೆ ಉಬ್ಬು ಬಂದಿದೆ ಪುಟ್ಟಿ” ಅನ್ನುತ್ತಿದ್ದೆ. ಸ್ವಲ್ಪ ದಿನಕ್ಕೆ ಕೈ ಚಾಚುವುದನ್ನು ಬಿಟ್ಟಳು. ಬೆಳಿಗ್ಗೆ ವೆಲ್ಕ್ರೋ ‘ಪರ್ರ್’ ಅಂದರೆ ಅಮ್ಮ ಎದ್ದಳು ಅಂತ ಅವಳಿಗೆ ಗೊತ್ತಾಗುತ್ತಿತ್ತಂತೆ. ನಾನು ಬೆಲ್ಟು ಬಿಚ್ಚುವ ಹೊತ್ತಿಗೆ ಅವಳಿಗೆ ಒಂಬತ್ತು, ಎತ್ತಿಕೊಳ್ಳುವ ವಯಸ್ಸು ದಾಟಿತ್ತು.

ಮನಸ್ಸಿನ ವಿಚಾರ. ಖಿನ್ನತೆ ಅಂದರೆ ಅಳು ಅಂದುಕೊಂಡಿದ್ದೆ. ನನಗೆ ಅಳು ಬರಲಿಲ್ಲ, ಸಿಡುಕು ಬಂತು. ಫೋನ್ ಹೊಡೆದುಕೊಂಡರೆ ಅದು ನಿಲ್ಲುವ ತನಕ ನೋಡುತ್ತ ಕೂತಿರುತ್ತಿದ್ದೆ. ರಾತ್ರಿ ಮೂರಕ್ಕೆ ಎಚ್ಚರವಾದರೆ ಸೊಂಟವನ್ನು ಒಳಗಿನಿಂದಲೇ ಮುಟ್ಟಿ ನೋಡಿಕೊಳ್ಳುವ ಕೆಲಸ: ಇದೆಯಾ, ಹೆಚ್ಚಾಗಿದೆಯಾ, ಕಾಲಿಗೆ ಇಳಿಯಿತಾ. ಹುಡುಕಿದರೆ ಸಿಗದೆ ಇರುತ್ತದೆಯೇ? ಮಾರನೆಯ ದಿನ ನಿದ್ದೆಗೆಟ್ಟ ಮೈಗೆ ನೋವು ಇನ್ನೂ ಜಾಸ್ತಿ. ನೋವಿಂದ ಬೇಜಾರೋ ಬೇಜಾರಿಂದ ನೋವೋ ಅಂತ ಹಿಂದುಮುಂದು ಹುಡುಕುವುದರಲ್ಲಿ ಅರ್ಥವಿಲ್ಲ, ಎರಡೂ ಒಂದನ್ನೊಂದು ಸಾಕುತ್ತವೆ. ಅದರ ಮೇಲೆ, ಮಾಡುತ್ತಿದ್ದ ಕೆಲಸವನ್ನೆಲ್ಲ ಬಿಟ್ಟ ಮೇಲೆ ಖುಷಿ ಬರುವುದಾದರೂ ಎಲ್ಲಿಂದ? ಶನಿವಾರದ ಕಥೆ ನಿಂತಾಗ ಮಕ್ಕಳ ಜೊತೆ ಆಡುತ್ತಿದ್ದ ಮಾತೂ ನಿಂತಿತ್ತು.

ಎರಡನೆಯ ಡಾಕ್ಟರು ಸಿಕ್ಕಿದ್ದು ಆಕಸ್ಮಿಕವಾಗಿ. ಅವರು ಸ್ಕ್ಯಾನು ಪಕ್ಕಕ್ಕಿಟ್ಟು ಮೊದಲು ಬೇರೆಯದನ್ನೇ ಕೇಳಿದರು: ಮೂತ್ರ, ಮಲ ಹಿಡಿತ ತಪ್ಪಿದೆಯಾ, ತೊಡೆಸಂದಿಯ ಸುತ್ತ ಮರಗಟ್ಟಿದೆಯಾ, ಕಾಲಿನ ಬಲ ದಿನೇದಿನೇ ಕುಗ್ಗುತ್ತಿದೆಯಾ, ಜ್ವರ ಬರುತ್ತಾ, ಕಾರಣವಿಲ್ಲದೆ ತೂಕ ಇಳಿದಿದೆಯಾ, ಹಿಂದೆ ಕ್ಯಾನ್ಸರ್ ಆಗಿತ್ತಾ. ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಇವುಗಳಲ್ಲಿ ಒಂದಿದ್ದರೂ ನನ್ನ ಕಥೆ ಇಲ್ಲಿಗೇ ಬಿಟ್ಟು ಈಗಲೇ ಡಾಕ್ಟರ ಹತ್ತಿರ ಹೋಗಿ. ಮೂತ್ರ, ಮಲದ ಹಿಡಿತ ತಪ್ಪಿದ್ದರೆ ಇಲ್ಲವೇ ತೊಡೆಸಂದಿಯ ಸುತ್ತ ಮರಗಟ್ಟಿದ್ದರಂತೂ ತುರ್ತು ಚಿಕಿತ್ಸೆಗೆ. ನನಗೆ ಯಾವುದೂ ಇರಲಿಲ್ಲ. ಸುತ್ತಿಗೆಯಲ್ಲಿ ಮಂಡಿ ತಟ್ಟಿ ನೋಡಿ, “ನಿಮ್ಮ ಸೊಂಟಕ್ಕಿಂತ ಬೆಲ್ಟೇ ಜಾಸ್ತಿ ಕೆಲಸ ಮಾಡ್ತಿದೆ ಮೇಡಂ” ಅಂದು ತರಬೇತಿಗೆ ಬರೆದುಕೊಟ್ಟರು.

12 ವಾರ, ವಾರಕ್ಕೆ ಎರಡು ಸಲ, ಒಬ್ಬ ಫಿಸಿಯೋ, ಒಬ್ಬರು ಮನಶ್ಶಾಸ್ತ್ರಜ್ಞೆ, ನಾವು ಏಳು ಜನ. ಮನಶ್ಶಾಸ್ತ್ರಜ್ಞೆ ಅಂದ ಕೂಡಲೇ ನನಗೆ ಪಿತ್ತ ನೆತ್ತಿಗೇರಿತ್ತು. ನೋವು ಸೊಂಟದಲ್ಲಿ, ಇವರು ತಲೆ ನೋಡುತ್ತಾರಂತೆ.

ಮೊದಲ ದಿನ ಬರೀ ಫಾರಂ. ನೋವನ್ನು ಸೊನ್ನೆಯಿಂದ ಹತ್ತರ ತನಕ ಅಳೆಯುವುದಕ್ಕೊಂದು, ಖಿನ್ನತೆಗೆ ಒಂಬತ್ತು ಪ್ರಶ್ನೆಯ ಪಿಎಚ್‌ಕ್ಯೂ-9, ಚಲನೆಯ ಭಯಕ್ಕೆ 17 ಪ್ರಶ್ನೆಯ ಟ್ಯಾಂಪಾ ಮಾಪಕ. ಇದರಲ್ಲಿ 17ಕ್ಕಿಂತ ಕಡಿಮೆ ಬರುವ ಹಾಗಿಲ್ಲ, 68ಕ್ಕಿಂತ ಹೆಚ್ಚೂ ಬರುವ ಹಾಗಿಲ್ಲ. 37 ದಾಟಿದರೆ ಭಯ ಜೋರಾಗಿದೆ ಅಂತ ಸಾಮಾನ್ಯವಾಗಿ ಎಣಿಸುತ್ತಾರೆ. ನನ್ನದು 51. ಫಾರಮ್ಮಿನ ಬಗ್ಗೆ ಒಂದು ದೂರು: 17ರಲ್ಲಿ ನಾಲ್ಕು ಪ್ರಶ್ನೆಗಳ ಅಂಕ ಉಲ್ಟಾ ಎಣಿಸಬೇಕು, ಅವು ಉಳಿದವಕ್ಕೆ ವಿರುದ್ಧ ದಿಕ್ಕಿನವು. ನಮ್ಮ ಕೈಗೆ ಕೊಟ್ಟ ಕನ್ನಡದಲ್ಲಿ ಆ ನಾಲ್ಕೂ ಎರಡೆರಡು ‘ಅಲ್ಲ’ ಸೇರಿಕೊಂಡು ಗಂಟುಗಂಟಾಗಿದ್ದವು. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು “ಒಪ್ಪಿದರೆ ಒಳ್ಳೇದಾ, ಒಪ್ಪದಿದ್ದರೆ ಒಳ್ಳೇದಾ ತಾಯಿ?” ಅಂತ ನನ್ನನ್ನೇ ಕೇಳಿದರು. ದಿನವಿಡೀ ಅಕ್ಷರದ ನಡುವೆ ಇರುವ ನನಗೇ ಗೊತ್ತಾಗದೆ ಎರಡೆರಡು ಸಲ ಓದಿದೆ.

ಎರಡನೆಯ ದಿನ ಬೋರ್ಡಿನ ಮೇಲೆ ಒಂದು ಸುತ್ತು ಬರೆದರು. ಮನುಷ್ಯನಿಗೆ ನೋವಾದಾಗ ಎರಡು ದಾರಿ. ಅಪಾಯ ಇಲ್ಲ ಅನಿಸಿದವನು ಸ್ವಲ್ಪ ದಿನ ಕುಂಟಿ, ಮೆಲ್ಲಗೆ ಕೆಲಸಕ್ಕೆ ಮರಳಿ, ಸುಧಾರಿಸಿಕೊಳ್ಳುತ್ತಾನೆ. ‘ಒಳಗೇನೋ ಮುರಿದಿದೆ’ ಅನಿಸಿದವನಿಗೆ ನೋವಿನ ಭಯ. ಭಯದಿಂದ ಮೈಮೇಲೆ ಕಾವಲು, ಕಾವಲಿನಿಂದ ತಪ್ಪಿಸಿಕೊಳ್ಳುವುದು. ತಪ್ಪಿಸಿಕೊಂಡಷ್ಟೂ ಕೈಕಾಲು ಸೋಲುತ್ತದೆ, ಮನಸ್ಸು ಕುಗ್ಗುತ್ತದೆ, ಕುಗ್ಗಿದ ಮನಸ್ಸಿಗೆ ನೋವು ಇನ್ನೂ ದೊಡ್ಡದು. ಭಯದಿಂದ ತಪ್ಪಿಸಿಕೊಳ್ಳುವುದನ್ನೂ ನೋವನ್ನೂ ಜೋಡಿಸಿದ ಮಾತು 1983ರಿಂದಲೇ ಇದೆಯಂತೆ. ಅದನ್ನು ಹೀಗೆ ಸುತ್ತಾಗಿ ಬೆಳೆಸಿ ಎಲ್ಲರ ಬಾಯಿಗೆ ತಂದವರು ಯೋಹಾನ್ ವ್ಲಾಯೆನ್ ಮತ್ತು ಸ್ಟೀವನ್ ಲಿಂಟನ್, 2000ದಲ್ಲಿ. ನಾನು ಆ ಸುತ್ತನ್ನು ನನ್ನ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ. ಅದರ ಮೇಲೆ ನನ್ನ ಹೆಸರು ಬರೆದಿಟ್ಟ ಹಾಗಿತ್ತು.

ಜಗಳ ಶುರುವಾಗಿದ್ದು ಆಮೇಲೆ. “ಅಂದ್ರೆ ನಮ್ಮ ನೋವು ಸುಳ್ಳು ಅಂತೀರಾ? ಹಗ್ಗ ನೋಡಿ ಹಾವು ಅಂದ್ಕೊಂಡಿದೀವಿ ಅಂತಾನಾ?” ಅಂದೆ. ನನಗೆ ಕಚ್ಚಿದ್ದು ನಿಜ, ಕಪಾಟಿನ ಮುಂದೆ ಉಸಿರುಗಟ್ಟಿ ನಿಂತವಳು ನಾನು. ಮನಶ್ಶಾಸ್ತ್ರಜ್ಞೆ ಸಿಟ್ಟಾಗಲಿಲ್ಲ. “ಹಾವು ಇತ್ತು ಮೇಡಂ, ಕಚ್ಚಿತು ಕೂಡ. ಅದು ಹೋಗಿ ನಾಲ್ಕು ವರ್ಷ ಆಯ್ತು. ನೀವು ಆ ಕೋಣೆಗೆ ಹೋಗಿಲ್ಲ ಅಷ್ಟೆ. ಹೋಗದೆ ಇರೋರಿಗೆ ಹಾವು ಹೋಗಿದ್ದು ಹೇಗೆ ಗೊತ್ತಾಗ್ಬೇಕು?” ಮೂರು ತಿಂಗಳು ಮೀರಿದ ನೋವನ್ನು ದೀರ್ಘಕಾಲದ್ದು ಅನ್ನುತ್ತಾರೆ, ಅಷ್ಟು ಹೊತ್ತಿಗೆ ಅಂಗಾಂಶದ ಗಾಯ ಬಹುಮಟ್ಟಿಗೆ ಮಾಗಿದ್ದರೂ ನರವ್ಯವಸ್ಥೆ ಕಾವಲು ಇಳಿಸದೆ ಇರಬಹುದು, ಆಗ ಆಗುವ ನೋವು ಪೂರ್ತಿ ನಿಜದ್ದೇ ಅಂತ ವಿವರಿಸಿದರು. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ, ನೋವಿದೆ ಅಂತ ಒಬ್ಬರು ಹೇಳಿದರೆ ಆ ಮಾತನ್ನು ಗೌರವಿಸಬೇಕು ಅಂತಲೂ ಟಿಪ್ಪಣಿಯಲ್ಲಿ ಸೇರಿಸಿದೆ. ಅದನ್ನು ಕೇಳಿ ನನ್ನ ಭುಜ ಒಂದಿಂಚು ಇಳಿಯಿತು.

ಮೂರನೆಯ ವಾರ ಫೋಟೋ ಕೊಟ್ಟರು. ದಿನನಿತ್ಯದ ಕೆಲಸಗಳ ಫೋಟೋ: ಮೆಟ್ಟಿಲು ಇಳಿಯುವುದು, ಗುದ್ದಲಿ ಹಿಡಿದು ಅಗೆಯುವುದು, ಪೆಟ್ಟಿಗೆ ಎತ್ತುವುದು, ಮಗುವನ್ನು ಎತ್ತಿಕೊಳ್ಳುವುದು. ಇದರ ಮೂಲ ಕಟ್ಟಿನಲ್ಲಿ 100 ಚಿತ್ರಗಳಿವೆ, ನಮಗೆ ಕೊಟ್ಟದ್ದು 40. ಪ್ರತಿಯೊಂದನ್ನೂ ಸೊನ್ನೆಯಿಂದ 100ರ ತನಕ ಗೆರೆ ಹಾಕಿದ ಉದ್ದನೆಯ ಪಟ್ಟಿಯ ಮೇಲೆ ಇಡಬೇಕು. ‘ಎಷ್ಟು ನೋವಾಗುತ್ತೆ?’ ಅಂತಲ್ಲ, ‘ನಿಮ್ಮ ಬೆನ್ನಿಗೆ ಎಷ್ಟು ಕೆಡುಕು?’ ಅಂತ. ನಾನು ಮೆಟ್ಟಿಲು ಇಳಿಯುವುದನ್ನು 20ಕ್ಕೆ ಇಟ್ಟೆ, ಓಡುವುದನ್ನು 60ಕ್ಕೆ. ಬಗ್ಗಿ ನೆಲದಿಂದ ಪೆಟ್ಟಿಗೆ ಎತ್ತುವ ಚಿತ್ರ ಕೈಗೆ ಬಂದಾಗ ಪಟ್ಟಿಯ ತುದಿಯ ಆಚೆ, ಮೇಜಿನ ಮೇಲೆ ಇಟ್ಟೆ. ಫಿಸಿಯೋ ಹುಡುಗ ನಕ್ಕ. ನನಗೆ ನಗು ಬರಲಿಲ್ಲ.

ಐದನೆಯ ವಾರ ಅದನ್ನೇ ಮಾಡಿಸಿದರು. ಇಡೀ 12 ವಾರದಲ್ಲಿ ನನಗೆ ಬೇಕಾಗಿದ್ದದ್ದು ಆ ಒಂದು ಗಂಟೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ನೆಲದ ಮೇಲೆ ಮೂರು ಕಿಲೋ ಪುಸ್ತಕ ತುಂಬಿದ ರಟ್ಟಿನ ಡಬ್ಬ. ಪುಸ್ತಕ ಬೇಕಂತಲೇ ಹಾಕಿದ್ದರು. ಎತ್ತುವ ಮೊದಲು ಚೀಟಿಯಲ್ಲಿ ಬರೆಯಬೇಕು: ಏನಾಗುತ್ತೆ, 100ಕ್ಕೆ ಎಷ್ಟು ಖಾತ್ರಿ. ನಾನು ಬರೆದದ್ದು: “ಕಟ್ ಅನ್ನುತ್ತೆ. ಎದ್ದು ನಿಲ್ಲೋಕಾಗಲ್ಲ. 80.” ಬೆಲ್ಟು ಬಿಚ್ಚಿ ಕುರ್ಚಿಯ ಮೇಲಿಟ್ಟೆ. ಆ ‘ಪರ್ರ್’ ಸದ್ದಿಗೆ ಕೋಣೆಯಲ್ಲಿ ಎಲ್ಲರೂ ತಿರುಗಿದರು. ಹೊಟ್ಟೆಯ ಸುತ್ತ ಗಾಳಿ ತಾಕಿದ ಹಾಗಾಯಿತು, ಬರಿಮೈಯಲ್ಲಿ ನಿಂತಂತೆ. ಬಗ್ಗಲು ಹೋದೆ, ಕೈ ತಾನಾಗಿ ತೊಡೆಯ ಮೇಲೆ ಊರಿತು. “ಕೈ ಬಿಡಿ ಮೇಡಂ.” ಬಿಟ್ಟೆ. “ಉಸಿರು ಹಿಡ್ಕೊಂಡಿದೀರಿ.” ಬಿಟ್ಟೆ. ಅವನು ಹಿಡಿದುಕೊಳ್ಳಲು ಕೈ ಚಾಚುತ್ತಾನೆ ಅಂದುಕೊಂಡಿದ್ದೆ. ಚಾಚಲಿಲ್ಲ, ಕೈಕಟ್ಟಿ ನಿಂತಿದ್ದ. ನನಗೆ ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ ಆ ಸಿಟ್ಟಿನಲ್ಲೇ ಡಬ್ಬ ಎತ್ತಿಬಿಟ್ಟೆ.

ನೋವಾಯಿತು. ನಾಲ್ಕಿದ್ದದ್ದು ಐದಾಯಿತು. ಕಟ್ ಅನ್ನಲಿಲ್ಲ. ಎದ್ದು ನಿಂತಿದ್ದೆ, ಕೈಯಲ್ಲಿ ಡಬ್ಬ. ಎಲ್ಲಿಡಬೇಕು ಅಂತ ಗೊತ್ತಾಗದೆ ಹಾಗೇ ಹಿಡಿದುಕೊಂಡಿದ್ದೆ.

“ಬರೆದಿದ್ದು ನಡೀತಾ?” ಅಂದರು ಮನಶ್ಶಾಸ್ತ್ರಜ್ಞೆ. “ನೀವೆಲ್ಲ ಪಕ್ಕದಲ್ಲಿದ್ರಿ, ಅದಕ್ಕೆ ಆಗ್ಲಿಲ್ಲ” ಅಂದೆ. “ಸರಿ, ನಾವು ಹೊರಗೆ ಹೋಗ್ತೀವಿ” ಅಂತ ನಿಜವಾಗಿಯೂ ಹೊರಗೆ ಹೋಗಿ ಬಾಗಿಲು ಹಾಕಿಕೊಂಡರು. ಒಬ್ಬಳೇ ಎತ್ತಿದೆ. ಆಮೇಲೆ ಪಕ್ಕಕ್ಕೆ ತಿರುಗಿ, ಅವಸರದಲ್ಲಿ, ಕೊನೆಗೆ ಮಾತಾಡುತ್ತ. ಒಂದೊಂದಕ್ಕೂ ಚೀಟಿ. 80 ಇದ್ದದ್ದು ಆವತ್ತು ಸಂಜೆಗೆ 35. ಈ ಚೀಟಿಯ ಉಪಾಯ ಚೆನ್ನಾಗಿದೆ. ಬಾಯಿಮಾತಿನಲ್ಲಿ ಧೈರ್ಯ ಹೇಳಿದರೆ ಮನಸ್ಸು ಇಲ್ಲದ ನೆಪ ಹುಡುಕುತ್ತದೆ, ನನ್ನ ಕೈಬರಹವೇ ಎದುರಿಗಿದ್ದರೆ ವಾದ ಮಾಡುವುದು ಯಾರ ಜೊತೆ?

ಬೆಲ್ಟಿನ ತಪ್ಪು ಏನು ಅನ್ನುವುದು ಆವತ್ತು ಅರ್ಥವಾಯಿತು. ನಾಲ್ಕು ವರ್ಷದಲ್ಲಿ ನಾನು ಬೆಲ್ಟು ಕಟ್ಟಿಕೊಂಡು ಸಾವಿರ ಸಲ ಕೂತು ಎದ್ದಿದ್ದೇನೆ, ಒಂದು ಸಲವೂ ಕಟ್ ಅಂದಿಲ್ಲ. ಆದರೆ ಆ ಸಾವಿರ ಸಲದ ಶ್ರೇಯಸ್ಸೂ ಬೆಲ್ಟಿಗೆ ಹೋಯಿತು. ಸೊಂಟಕ್ಕೆ ಒಂದೂ ಸಿಗಲಿಲ್ಲ. ಚೀಲದಲ್ಲಿ ಸದಾ ಇರುತ್ತಿದ್ದ ನೋವಿನ ಮುಲಾಮಿನ ಟ್ಯೂಬು, ಕೂರುವ ಮುಂಚೆ ಕುರ್ಚಿ ಅಲುಗಿಸಿ ನೋಡುವುದು, ತೊಡೆಯ ಮೇಲಿನ ಕೈ, ಎಲ್ಲ ಅದೇ ಜಾತಿ. ಫಿಸಿಯೋ ಇನ್ನೊಂದು ಸಂಗತಿ ತೋರಿಸಿದ: ನೋವಿಲ್ಲದವರು ಪೂರ್ತಿ ಬಗ್ಗಿದಾಗ ಬೆನ್ನಿನ ಸ್ನಾಯು ಕೊನೆಯಲ್ಲಿ ಸಡಿಲವಾಗಿ ಸುಮ್ಮನಾಗುತ್ತದೆ. ತನ್ನ ಬೆನ್ನ ಮೇಲೆ ನನ್ನ ಕೈ ಇಡಿಸಿಕೊಂಡು ಬಗ್ಗಿದ, ನಿಜಕ್ಕೂ ಮೆತ್ತಗಾಯಿತು. ಆಮೇಲೆ ನನ್ನದೇ ಬೆನ್ನು ಮುಟ್ಟಿಕೊಂಡು ಬಗ್ಗಿದೆ. ಕಟ್ಟಿಗೆ. ದೀರ್ಘಕಾಲದ ಬೆನ್ನುನೋವಿದ್ದವರಲ್ಲಿ ಎಷ್ಟೋ ಜನಕ್ಕೆ ಹೀಗೇ, ಬಿಡಬೇಕಾದ ಕಡೆ ಸ್ನಾಯು ಬಿಡುವುದಿಲ್ಲವಂತೆ. ಬೆಲ್ಟಿನ ಒಳಗೆ ನಾನು ಇನ್ನೊಂದು ಬೆಲ್ಟು ಕಟ್ಟಿಕೊಂಡಿದ್ದೆ.

ಮನೆಯವರನ್ನು ಒಂದು ದಿನ ಕರೆದುಕೊಂಡು ಬರಲು ಹೇಳಿದ್ದರು. ನಮ್ಮ ಯಜಮಾನರು ಬಹಳ ಒಳ್ಳೆಯವರು, ಅದೇ ತೊಂದರೆ. ನಾನು ಬಗ್ಗುವ ಮುಂಚೆಯೇ “ಬಿಡು ಬಿಡು, ನಾ ಮಾಡ್ತೀನಿ” ಅಂತ ಓಡಿ ಬರುವವರು. ನಾನು ‘ಸ್’ ಅಂದರೆ ಟಿವಿ ಸಣ್ಣಗಾಗುತ್ತಿತ್ತು. ಸುತ್ತಲಿನವರ ಈ ಅಕ್ಕರೆ ನೋವಿನ ನಡವಳಿಕೆಯನ್ನು ಹೇಗೆ ಗಟ್ಟಿ ಮಾಡುತ್ತದೆ ಅಂತ ವಿಲ್ಬರ್ಟ್ ಫೋರ್ಡೈಸ್ ಅನ್ನುವ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲೇ ತೋರಿಸಿಕೊಟ್ಟಿದ್ದರಂತೆ. ಪಾಪ, ನಮ್ಮವರ ಮುಖ ಸಣ್ಣದಾಯಿತು. ವಾಪಸ್ ಬರುವಾಗ “ಹಾಗಾದ್ರೆ ನಾನೇನ್ ಮಾಡ್ಲಿ? ಸುಮ್ನೆ ನೋಡ್ತಾ ಕೂತ್ಕೊಳ್ಲಾ?” ಅಂದರು. ಹೌದು ಅಂದೆ. ಅದು ನನಗಿಂತ ಅವರಿಗೆ ಕಷ್ಟವಾಯಿತು. ಬಕೆಟ್ಟು ಎತ್ತುವಾಗ ಬಾಗಿಲ ಹತ್ತಿರ ನಿಂತು ಕೈ ಹಿಸುಕಿಕೊಳ್ಳುತ್ತಿದ್ದರು.

ಈ ತರಬೇತಿ ಎಲ್ಲರಿಗೂ ಹೊಂದುತ್ತದೆ ಅಂತ ಹೇಳಲಾರೆ. ನಮ್ಮ ಏಳು ಜನರಲ್ಲಿ ಒಬ್ಬರು ಲಾರಿ ಓಡಿಸುತ್ತಿದ್ದರು. ಅವರು ನನ್ನ ತದ್ವಿರುದ್ಧ. ಹಲ್ಲು ಕಚ್ಚಿ ಕೆಲಸ ಮಾಡಿ, ಮೂರು ದಿನ ಬಿದ್ದುಕೊಂಡು, ಎದ್ದು ಮತ್ತೆ ಅದೇ. ಅವರಿಗೆ ತಪ್ಪಿಸಿಕೊಳ್ಳುವ ಚಾಳಿಯೇ ಇರಲಿಲ್ಲ, ನಿಲ್ಲಿಸುವುದು ಬರುತ್ತಿರಲಿಲ್ಲ. ನೋವು ತಡೆದುಕೊಂಡು ಮೈಮುರಿದು ದುಡಿಯುವವರ ಗುಂಪೂ ಒಂದಿದೆ ಅಂತ ಮನಶ್ಶಾಸ್ತ್ರಜ್ಞೆಯೇ ಒಪ್ಪಿಕೊಂಡರು. ಆದರೆ ಮೊದಲ ನಾಲ್ಕು ವಾರ ನಮಗೆ ಹೇಳಿದ್ದನ್ನೇ ಅವರಿಗೂ ಹೇಳಿದರು. “ಹೆದರಬೇಡಿ, ಎತ್ತಿ” ಅಂದರೆ ಅವರು ಎತ್ತೇ ಎತ್ತಿದರು, ಎರಡು ಸಲ ಮಲಗಿಕೊಂಡರು. ಗಡಿಯಾರ ನೋಡಿಕೊಂಡು ಕೆಲಸ, ಗಡಿಯಾರ ನೋಡಿಕೊಂಡು ವಿರಾಮ ಅನ್ನುವ ಪಾಠ ಅವರ ಪಾಲಿಗೆ ಬಂದದ್ದು ಐದನೆಯ ವಾರ. ಇದು ಸಂಸ್ಥೆಯ ತಪ್ಪು. ಮೊದಲ ದಿನ ಅಷ್ಟೊಂದು ಫಾರಂ ತುಂಬಿಸಿಕೊಂಡವರು ಅದನ್ನು ಓದಬಾರದೇ?

ಇನ್ನೂ ಕೆಲವು ದೂರು. ಸಂಜೆಯ ತಂಡ ಇಲ್ಲ, ಕೆಲಸಕ್ಕೆ ಹೋಗುವವರು ವಾರಕ್ಕೆ ಎರಡು ಅರ್ಧ ದಿನ ರಜೆ ಹಾಕಬೇಕು. ಎಂಟನೆಯ ವಾರ ಮನಶ್ಶಾಸ್ತ್ರಜ್ಞೆ ಬದಲಾದರು, ಹೊಸಬರಿಗೆ ನಾವು ಏಳೂ ಜನ ಮೊದಲಿನಿಂದ ಕಥೆ ಹೇಳಿದೆವು. ಕಾಯುವ ಕೋಣೆಯ ಗೋಡೆಯ ಮೇಲೆ ಡಿಸ್ಕ್ ಕೆಂಪಗೆ ಉರಿಯುತ್ತಿರುವ ದೊಡ್ಡ ಚಿತ್ರ. ಒಳಗೆ ‘ನಿಮ್ಮ ಬೆನ್ನು ಗಟ್ಟಿ’ ಅಂತ ಪಾಠ, ಹೊರಗೆ ಈ ಚಿತ್ರ. ತೆಗೆಯಿರಿ ಅಂತ ಸಲಹೆ ಪೆಟ್ಟಿಗೆಗೆ ಹಾಕಿದ್ದೇನೆ, ನಾನು ಮುಗಿಸಿ ಬರುವ ತನಕ ಅಲ್ಲೇ ಇತ್ತು.

ಫಲ ಏನು ಅಂತ ಕೇಳುವವರಿಗೆ: ನೋವು ಹೋಗಿಲ್ಲ. ದಿನದ ಸರಾಸರಿ ಆರು ಇದ್ದದ್ದು ಈಗ ನಾಲ್ಕು. ಟ್ಯಾಂಪಾ 51ರಿಂದ 34. ಪಿಎಚ್‌ಕ್ಯೂ-9 15ರಿಂದ 7. ಈ ಕೊನೆಯದರಲ್ಲಿ ಮಾತ್ರೆಯ ಪಾಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳನ್ನು ದೀರ್ಘಕಾಲದ ನೋವಿಗೂ ಕೊಡುತ್ತಾರೆ, ಡಾಕ್ಟರು ಹೇಳಿದಷ್ಟು ತಿಂಗಳು ತೆಗೆದುಕೊಂಡೆ. ಆರನೆಯ ವಾರ ನೋವು ಎಂಟಕ್ಕೆ ಏರಿ ಎರಡು ದಿನ ಬೆಲ್ಟು ಕಟ್ಟಿದ್ದೂ ಉಂಟು. ಅಂಕಿಗಿಂತ ನನಗೆ ಬೇಕಾದದ್ದು ಬೇರೆ: ಹತ್ತನೆಯ ವಾರದ ಒಂದು ದಿನ ಕೆಳಗಿನ ಸಾಲಿನ ಮುಂದೆ ಮಂಡಿಯೂರಿ ಕೂತೆ. ನಾಲ್ಕು ವರ್ಷದ ಧೂಳು. 14ರ ಹಿಂದೆ, ಗೋಡೆಗೆ ಅಂಟಿಕೊಂಡು ಅಡ್ಡ ಬಿದ್ದಿತ್ತು ಸಂಪುಟ 13. ಸಹಾಯಕ ಹುಡುಗ ಅದು ಕಳೆದಿದೆ ಅಂತ ಬರೆದು ಪಟ್ಟಿಯಿಂದ ಹೊಡೆದು ಹಾಕಿದ್ದ.

ಬೆಲ್ಟಿಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟನೋವಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಇಂಥ ಬೆಲ್ಟು, ಪಟ್ಟಿಗಳನ್ನು ವಾಡಿಕೆಯ ಚಿಕಿತ್ಸೆಯಾಗಿ ಕೊಡಬೇಡಿ ಅಂದಿದೆ. ವ್ಯಾಯಾಮ, ತಿಳಿವಳಿಕೆ, ಮನಸ್ಸಿನ ಚಿಕಿತ್ಸೆ ಇವುಗಳನ್ನು ಕೊಡಬಹುದಾದ ಪಟ್ಟಿಯಲ್ಲಿ ಇಟ್ಟಿದೆ. ಹಾಗಂತ ಬೆನ್ನುಮೂಳೆ ಮುರಿದವರು, ಶಸ್ತ್ರಚಿಕಿತ್ಸೆ ಆದವರು ಇದನ್ನು ಓದಿ ಬಿಚ್ಚಿ ಎಸೆಯಬೇಡಿ, ನಿಮ್ಮ ಲೆಕ್ಕ ಬೇರೆ, ನಿಮ್ಮ ಡಾಕ್ಟರನ್ನೇ ಕೇಳಿ. ಕೇಳುವಾಗ ಯಾವತ್ತು ಬಿಚ್ಚಬೇಕು ಅನ್ನುವುದನ್ನೂ ಕೇಳಿ, ತಾರೀಖು ಬರೆಸಿಕೊಳ್ಳಿ. ನಾಲ್ಕು ನಕ್ಷತ್ರದಲ್ಲಿ ಎರಡನ್ನು ನಾನು ವಾಪಸ್ ತೆಗೆದುಕೊಳ್ಳುತ್ತಿರುವುದು ಇದೇ ಕಾರಣಕ್ಕೆ: ಪೊಟ್ಟಣದ ಮೇಲೆ ಕಟ್ಟುವ ವಿಧಾನ ಐದು ಚಿತ್ರದಲ್ಲಿದೆ, ಬಿಡುವ ಮಾತು ಎಲ್ಲೂ ಇಲ್ಲ.

ಕೊಳ್ಳಲೇಬೇಕಾದವರು ಅಳತೆಯನ್ನು ಪ್ಯಾಂಟಿನ ಸೈಜು ನೋಡಿ ಹೇಳಬೇಡಿ, ಹೊಕ್ಕುಳ ಸುತ್ತ ಟೇಪು ಹಿಡಿದು ಅಳೆಯಿರಿ. ಒಳಗೆ ತೆಳ್ಳಗಿನ ಬನಿಯನ್ ಇರಲಿ, ಬೆವರುಸಾಲೆ ತಪ್ಪುತ್ತದೆ. ಒಗೆಯುವಾಗ ಕಂಬಿ ತೆಗೆದು, ವೆಲ್ಕ್ರೋ ಮುಚ್ಚಿ ಒಗೆಯಿರಿ, ಇಲ್ಲದಿದ್ದರೆ ಜೊತೆಗಿರುವ ಬಟ್ಟೆಯ ದಾರವನ್ನೆಲ್ಲ ಕಿತ್ತು ತನ್ನ ಹಲ್ಲಿಗೆ ತುಂಬಿಕೊಳ್ಳುತ್ತದೆ. ನನ್ನ ಮೂರನೆಯದು ಹೆಚ್ಚೂಕಡಿಮೆ ಹೊಸದರ ಹಾಗೇ ಇದೆ. ಯಾರಾದರೂ ಕೇಳಿದರೆ ಕೊಡೋಣ ಅಂತ ಬೀರುವಿನ ಕೆಳಗಿನ ಖಾನೆಯಲ್ಲಿಟ್ಟಿದ್ದೇನೆ. ಮೊನ್ನೆ ಪಕ್ಕದ ಮನೆಯವರು ಕೇಳಿದರು. ಬಗ್ಗಿ ತೆಗೆದೆ, ಕೈಯಲ್ಲಿ ಹಿಡಿದುಕೊಂಡು, ಎಷ್ಟು ದಿನಕ್ಕೆ ಅಂತ ಡಾಕ್ಟರು ಹೇಳಿದ್ದಾರೆ ಅಂತ ಕೇಳಿದೆ. ಅವರಿಗೆ ಗೊತ್ತಿರಲಿಲ್ಲ. ಕೇಳಿಕೊಂಡು ಬನ್ನಿ, ಆಮೇಲೆ ಕೊಡ್ತೀನಿ ಅಂದೆ. ಅವರಿಗೆ ಬೇಜಾರಾಗಿರಬೇಕು, ಮತ್ತೆ ಬಂದಿಲ್ಲ.